“ಸಾರ್ವಭೌಮ ಅಂದ್ರೆ ಏನು ಸಾರ್?”: ಸಮಾಜ ವಿಜ್ಞಾನದ ಪದಗಳನ್ನು ಕಲಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ಮೇಷ್ಟ್ರುಗಳು, ಮೇಡಂಗಳು ತರಬೇತಿಯ ಊಟದ ಬಿಡುವಿನಲ್ಲಿ, ಫೋನಿನಲ್ಲಿ, ಒಮ್ಮೊಮ್ಮೆ ಪತ್ರ ಬರೆದು ಕೇಳಿದ ಪ್ರಶ್ನೆಗಳಿವು. ಬಿ.ಎಡ್. ಓದುತ್ತಿರುವವರು, ಮನೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಓದಿಸುವ ಅಪ್ಪ ಅಮ್ಮಂದಿರು ಕೇಳಿದ್ದೂ ಇವೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನನ್ನ ಅನುಭವ ಹೆಚ್ಚಾಗಿ 8ರಿಂದ 10ನೇ ತರಗತಿಯ ಕನ್ನಡ ಮಾಧ್ಯಮದ್ದು. ಉದಾಹರಣೆಗಳೂ ಅಲ್ಲಿಂದಲೇ ಬಂದಿವೆ.

## ಶುರು ಮಾಡುವವರಿಗೆ

ಅರ್ಥ ಬೋರ್ಡ್ ಮೇಲೆ ಬರೆಸ್ತೀನಿ, ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸ್ತಾರೆ. ಇನ್ನೇನು ಬೇಕು?

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. “ಗಣರಾಜ್ಯ ಎಂದರೇನು?” ಎಂದು ಕೇಳಿ. ಉತ್ತರ ಪಟಪಟ ಬರುತ್ತದೆ. ಆಮೇಲೆ “ಬ್ರಿಟನ್ ಗಣರಾಜ್ಯವಾ?” ಎಂದು ಕೇಳಿ. ಅಲ್ಲಿ ಚುನಾವಣೆ ಇದೆ, ಪಾರ್ಲಿಮೆಂಟ್ ಇದೆ, ಪ್ರಧಾನಿ ಇದ್ದಾರೆ. ಈಗಷ್ಟೇ ಅರ್ಥ ಒಪ್ಪಿಸಿದ ಮಕ್ಕಳೇ “ಹೌದು ಸಾರ್” ಎಂದು ಕೂಗುತ್ತಾರೆ. ಆದರೆ ಬ್ರಿಟನ್ನಿನ ಮುಖ್ಯಸ್ಥರು ಅರಮನೆಯಲ್ಲಿ ಹುಟ್ಟಿ ಆ ಸ್ಥಾನಕ್ಕೆ ಬರುತ್ತಾರೆ, ಯಾರೂ ಅವರನ್ನು ಆರಿಸುವುದಿಲ್ಲ. ಅದು ಪ್ರಜಾಪ್ರಭುತ್ವ ಹೌದು, ಗಣರಾಜ್ಯ ಅಲ್ಲ. ನಮ್ಮ ರಾಷ್ಟ್ರಪತಿಯನ್ನು ಶಾಸಕರು, ಸಂಸದರು ಮತ ಹಾಕಿ ಆರಿಸುತ್ತಾರೆ. ಅದಕ್ಕೇ ನಮ್ಮದು ಗಣರಾಜ್ಯ.

ಪದ ಗೊತ್ತಿದೆ ಎಂದರೆ “ಇದು ಅದಾ, ಅಲ್ವಾ?” ಎಂದು ತೀರ್ಮಾನ ಮಾಡಲು ಬರಬೇಕು. ಮುಂದಿನ ಉತ್ತರಗಳೆಲ್ಲ ಸುತ್ತಿ ಬಳಸಿ ಇಲ್ಲಿಗೇ ಬರುತ್ತವೆ. ಬಾಯಿಪಾಠವೇ ಬೇಡ ಎನ್ನುವವನು ನಾನಲ್ಲ. ಅರ್ಥವಾದ ಮೇಲೆ ಮಾಡಿದ ಬಾಯಿಪಾಠ ಪರೀಕ್ಷೆಯಲ್ಲಿ ಕೈ ಹಿಡಿಯುತ್ತದೆ. ಅರ್ಥವಾಗುವ ಮೊದಲೇ ಮಾಡಿದ್ದು ಮೇ ತಿಂಗಳಿಗೆ ಮರೆತುಹೋಗುತ್ತದೆ.

ಪದ, ಪರಿಕಲ್ಪನೆ ಎರಡೂ ಒಂದೇ ಅಲ್ವಾ? ಸುಮ್ನೆ ಎರಡು ಹೆಸರು ಯಾಕೆ?

ಒಂದೇ ಅಲ್ಲ. “ಹೋದ ವರ್ಷ ಇದೇ ದುಡ್ಡಿಗೆ ಚೀಲ ತುಂಬ್ತಿತ್ತು, ಈಗ ತಳ ಮುಚ್ಚಲ್ಲ” ಎಂದು ಅಮ್ಮ ಗೊಣಗುವುದನ್ನು ಕೇಳಿದ ಮಗುವಿಗೆ ಹಣದುಬ್ಬರ ಅರ್ಧ ಗೊತ್ತು. ಹೆಸರು ಮಾತ್ರ ಗೊತ್ತಿಲ್ಲ. ಅಲ್ಲಿ ನಿಮ್ಮ ಕೆಲಸ ಹಗುರ. ರೇಖಾಂಶದಂಥ ಪದಕ್ಕೆ ಬಂದರೆ ಹೆಸರೂ ಹೊಸದು, ವಿಷಯವೂ ಹೊಸದು. ಅಲ್ಲಿ ಸಮಯ ಬೇಕು.

ಮೂರನೆಯ ಜಾತಿಯ ಪದ ಜಾಸ್ತಿ ಕಾಡುತ್ತದೆ. ಅದು ಮಗುವಿಗೆ ಮೊದಲೇ ಗೊತ್ತು, ಆದರೆ ಬೇರೆ ಅರ್ಥದಲ್ಲಿ. “ಅವನ ಬಂಡವಾಳ ಬಯಲಾಯ್ತು” ಎಂಬ ಮಾತು ಕೇಳಿ ಬೆಳೆದ ಮಗುವಿಗೆ ಅರ್ಥಶಾಸ್ತ್ರದ ಬಂಡವಾಳ ಹೇಳಬೇಕು. ಬಂಡವಾಳ ಅಂದರೆ ದುಡ್ಡು ಅಂತ ಅದರ ತಲೆಯಲ್ಲಿ ಕೂತಿರುತ್ತದೆ. ದರ್ಜಿಯ ಹೊಲಿಗೆ ಯಂತ್ರ, ಹೊಲದ ಪಂಪ್‌ಸೆಟ್, ಬಾಡಿಗೆಗೆ ಓಡುವ ಟ್ರ್ಯಾಕ್ಟರ್ ಎಲ್ಲವೂ ಬಂಡವಾಳ ಎಂದರೆ ಅದು ಮೊದಲಿಗೆ ನಂಬುವುದಿಲ್ಲ. ಇಂಥ ಪದಕ್ಕೆ ಹಳೆಯ ಅರ್ಥವನ್ನು ಮಕ್ಕಳ ಬಾಯಿಂದಲೇ ಹೊರಡಿಸಿ, ಹೊಸದನ್ನು ಅದರ ಪಕ್ಕ ಇಡಬೇಕು.

ಒಂದು ಪಾಠದಲ್ಲಿ ಇಪ್ಪತ್ತು ಮೂವತ್ತು ಹೊಸ ಪದ ಇರ್ತವೆ. ಎಲ್ಲಾನೂ ಕಲಿಸೋಕೆ ಆಗುತ್ತಾ?

ಆಗುವುದಿಲ್ಲ, ಬೇಕಾಗಿಯೂ ಇಲ್ಲ. ನಾನು ಒಂದು ಪಾಠಕ್ಕೆ ನಾಲ್ಕು ಪದ ಆರಿಸುತ್ತೇನೆ, ತುಂಬಾ ಅಂದರೆ ಐದು. ಆರಿಸುವಾಗ ಒಂದೇ ಪ್ರಶ್ನೆ: ಈ ಪದ ಕಿತ್ತುಹಾಕಿದರೆ ಪಾಠ ನಿಲ್ಲುತ್ತದಾ?

ಬ್ರಿಟಿಷ್ ಆಳ್ವಿಕೆಯ ಪಾಠವನ್ನೇ ತೆಗೆದುಕೊಳ್ಳಿ. ದಿವಾನಿ, ಜಮೀನ್ದಾರಿ, ರೈತವಾರಿ, ಮಹಲ್ವಾರಿ ಎಂದು ಸಾಲುಸಾಲು ಬರುತ್ತವೆ. ಮಕ್ಕಳಿಗೆ ಇವೆಲ್ಲ ಬಿಡಿಬಿಡಿ ಹೆಸರು. ಆದರೆ ನಡುವೆ ನಿಂತಿರುವ ಪದ ಒಂದೇ, ಕಂದಾಯ. ಅದನ್ನು ಸರಿಯಾಗಿ ಕಲಿಸಿದರೆ ಉಳಿದವು ಅದಕ್ಕೆ ಜೋತುಬೀಳುತ್ತವೆ. 1765ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಬಂಗಾಳದಲ್ಲಿ ಕಂದಾಯ ಎತ್ತುವ ಹಕ್ಕು ಸಿಕ್ಕಿತು, ಅದು ದಿವಾನಿ. ಮುಂದಿನ ಪ್ರಶ್ನೆ, ಸರ್ಕಾರಕ್ಕೆ ಕಂದಾಯ ಕಟ್ಟುವವರು ಯಾರು? ನಡುವೆ ಜಮೀನ್ದಾರ ನಿಂತು ಕಟ್ಟಿದರೆ ಜಮೀನ್ದಾರಿ. ಕಾರ್ನ್‌ವಾಲಿಸ್ 1793ರಲ್ಲಿ ಬಂಗಾಳದಲ್ಲಿ ತಂದದ್ದು ಅದೇ. ರೈತನೇ ನೇರ ಕಟ್ಟಿದರೆ ರೈತವಾರಿ, ಮದ್ರಾಸ್ ಕಡೆ ಮನ್ರೋ ಬೆಳೆಸಿದ್ದು. ಊರು ಅಥವಾ ಊರುಗಳ ಗುಂಪು ಒಟ್ಟಾಗಿ ಕಟ್ಟಿದರೆ ಮಹಲ್ವಾರಿ. ಮೂವರು ಮಕ್ಕಳನ್ನು ನಿಲ್ಲಿಸಿ ಸೀಮೆಸುಣ್ಣದ ಚೂರನ್ನು “ಕಂದಾಯ” ಎಂದು ಕೈಯಿಂದ ಕೈಗೆ ದಾಟಿಸಿದರೆ ಸಾಕು. ನಡುವಿನವನು ಎಷ್ಟು ಚೂರು ಜೇಬಿಗೆ ಹಾಕಿಕೊಂಡ ಎಂದು ಮಕ್ಕಳೇ ಎಣಿಸುತ್ತಾರೆ.

ಉಳಿದ ಪದಗಳನ್ನು ಓದುವಾಗ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿ. ತಪ್ಪೇನೂ ಇಲ್ಲ.

ಪದ ಮೊದಲು ಹೇಳಬೇಕಾ, ಪಾಠ ಆದ್ಮೇಲೆ ಹೇಳಬೇಕಾ?

ಸಾಮಾನ್ಯವಾಗಿ ವಿಷಯ ಮೊದಲು, ಹೆಸರು ಆಮೇಲೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಚಳ್ಳಕೆರೆಯಲ್ಲಿ ಅದರ ಹತ್ತನೇ ಒಂದು ಪಾಲೂ ಬೀಳುವುದಿಲ್ಲ. ಬೆಳಿಗ್ಗೆ ಒಂದು ಕಡೆ ಬಸ್ಸು ಹತ್ತಿದರೆ ಸಂಜೆಯೊಳಗೆ ಇನ್ನೊಂದು ಕಡೆ ಇಳಿಯಬಹುದು, ಅಷ್ಟೇ ದೂರ. “ನಡುವೆ ಏನಾಯ್ತು?” ಎಂದು ಕೇಳಿ ಸುಮ್ಮನಿರಿ. ಘಟ್ಟ, ಮೋಡ, ಗಾಳಿ ಎಂದು ತಡಕಾಡುತ್ತಾ ಹತ್ತಿರ ಬರುತ್ತಾರೆ. ಆಗ “ಇದಕ್ಕೆ ಮಳೆ ನೆರಳಿನ ಪ್ರದೇಶ ಅಂತಾರೆ” ಎಂದರೆ ಪದ ಗಟ್ಟಿಯಾಗಿ ಕೂರುತ್ತದೆ.

ಲೆಕ್ಕಕ್ಕೆ ಬೇಕಾದ ಪದಗಳು ಮಾತ್ರ ಮೊದಲೇ ಬೇಕು. ರೇಖಾಂಶ ಏನೆಂದು ತಿಳಿಯದೆ ಸಮಯದ ಲೆಕ್ಕಕ್ಕೆ ಕೈ ಹಾಕಲು ಆಗುವುದಿಲ್ಲ. ಒಂದು ರೇಖಾಂಶಕ್ಕೆ 4 ನಿಮಿಷ, ಭಾರತದ ಆದರ್ಶ ವೇಳೆಯ ರೇಖೆ 82½ ಡಿಗ್ರಿ ಪೂರ್ವ, ಗುಣಿಸಿದರೆ 330 ನಿಮಿಷ, ಅಂದರೆ ಐದೂವರೆ ಗಂಟೆ. ಕ್ರಿಕೆಟ್ ನೋಡುವ ಮಕ್ಕಳಿಗೆ ಈ ಲೆಕ್ಕ ಭಾರಿ ಖುಷಿ.

## ಸ್ವಲ್ಪ ಒಳಗೆ ಇಳಿದರೆ

ಪದ ಬಿಡಿಸಿ ಹೇಳಿದ್ರೆ ಅರ್ಥ ಆಗಲ್ವಾ? ನಾನು ಯಾವಾಗಲೂ ಹಾಗೇ ಮಾಡೋದು.

ಕೆಲವು ಕಡೆ ಚೆನ್ನಾಗಿ ಆಗುತ್ತದೆ. ಅಧಿಕಾರಶಾಹಿ, ಬಂಡವಾಳಶಾಹಿ, ವಸಾಹತುಶಾಹಿ ಮೂರನ್ನೂ ಒಟ್ಟಿಗೆ ಬರೆಯಿರಿ. ಬಾಲದಲ್ಲಿರುವ ‘ಶಾಹಿ’ ಪಾರಸಿಯ ಶಾಹನಿಂದ ಬಂದದ್ದು. ಶಾಹ ಎಂದರೆ ಅರಸ. “ಇಲ್ಲಿ ಅರಸನ ಕುರ್ಚಿಯಲ್ಲಿ ಕೂತಿರೋದು ಯಾರು?” ಎಂದು ಕೇಳಿದರೆ ಅಧಿಕಾರಿ, ಬಂಡವಾಳ, ಹೊರಗಿನಿಂದ ಬಂದು ನೆಲೆಯೂರಿದವನು ಎಂದು ಮಕ್ಕಳೇ ಹೇಳುತ್ತಾರೆ. ಒಂದು ಬಾಲ ಹಿಡಿದರೆ ಮೂರು ಪದ ಸಿಗುತ್ತದೆ.

ಆದರೆ ಬಿಡಿಸುವುದು ಕೈಕೊಡುವ ಪದಗಳೂ ಇವೆ. ‘ಅಸಂಘಟಿತ ಕೆಲಸಗಾರರು’ ಪದವನ್ನು ಬಿಡಿಸಿದ ಮಗು “ಸಂಘ ಇಲ್ಲದವರು” ಎಂದು ಬರೆಯುತ್ತದೆ. ನಮ್ಮ ಊರಿನ ಆಟೋ ಚಾಲಕರಿಗೆ ಸಂಘವಿದೆ, ಅದಕ್ಕೆ ಬೋರ್ಡ್ ಇದೆ, ಪ್ರತಿ ರಾಜ್ಯೋತ್ಸವಕ್ಕೆ ಬಾವುಟ ಹಾರಿಸಿ ಸಿಹಿ ಹಂಚುತ್ತಾರೆ. ಆದರೂ ಅವರು ಅಸಂಘಟಿತ ವಲಯದವರೇ. ನೇಮಕದ ಪತ್ರ ಇಲ್ಲ, ಸಂಬಳ ಸಹಿತ ರಜೆ ಇಲ್ಲ, ಪಿಎಫ್ ಇಲ್ಲ. ಈ ಉದಾಹರಣೆ ಕೊಟ್ಟ ಮೇಲೆ ಆ ತಪ್ಪು ಮತ್ತೆ ಕಂಡಿಲ್ಲ.

‘ಜಾತ್ಯತೀತ’ ಇನ್ನೂ ಕಷ್ಟ. ಬಿಡಿಸಿದರೆ ‘ಜಾತಿಯನ್ನು ಮೀರಿದ್ದು’ ಎಂದಾಗುತ್ತದೆ. ವಿಷಯ ಇರುವುದು ಸರ್ಕಾರಕ್ಕೂ ಧರ್ಮಕ್ಕೂ ಇರಬೇಕಾದ ಸಂಬಂಧದ ಬಗ್ಗೆ. ಧರ್ಮನಿರಪೇಕ್ಷ, ಸರ್ವಧರ್ಮ ಸಮಭಾವ ಎಂಬ ಪದಗಳನ್ನೂ ಕನ್ನಡದಲ್ಲಿ ಬಳಸುತ್ತೇವೆ. ಮೂರನ್ನೂ ಬರೆದು, ಯಾವುದು ಹತ್ತಿರ ಎಂದು ಮಕ್ಕಳನ್ನೇ ಕೇಳುತ್ತೇನೆ. ಜೊತೆಗೆ, ಸಮಾಜವಾದಿ ಎಂಬುದೂ ಈ ಪದವೂ ಸಂವಿಧಾನದ ಪ್ರಸ್ತಾವನೆಗೆ ಸೇರಿದ್ದು 1976ರ 42ನೇ ತಿದ್ದುಪಡಿಯಲ್ಲಿ. 1950ರಲ್ಲೇ ಇದ್ದವು ಎಂದುಕೊಂಡ ಮೇಷ್ಟ್ರುಗಳನ್ನೂ ನೋಡಿದ್ದೇನೆ.

ಪುಸ್ತಕದ ಪದ ಬಿಟ್ಟು ನಮ್ಮ ಊರ ಮಾತು ಹೇಳಬಹುದಾ? ಇನ್‌ಸ್ಪೆಕ್ಷನ್‌ಗೆ ಬಂದವರು ತಪ್ಪು ಅಂದ್ರೆ?

ಧೈರ್ಯವಾಗಿ ಹೇಳಿ. ಬಿಡಬೇಡಿ, ಜೋಡಿಸಿ. ಬೇರೆಯವರ ಜಮೀನು ಮಾಡಿ ಒಡೆಯನಿಗೆ ಪಾಲು ಕೊಡುವುದಕ್ಕೆ ಕರಾವಳಿ, ಮಲೆನಾಡಿನಲ್ಲಿ ಗೇಣಿ ಎನ್ನುತ್ತಾರೆ. ಉತ್ತರ ಕರ್ನಾಟಕದ ಮಗುವಿಗೆ ಲಾವಣಿ ಎಂದರೆ ತಟ್ಟನೆ ತಿಳಿಯುತ್ತದೆ. ಹಳೇ ಮೈಸೂರು ಕಡೆ ವಾರಕ್ಕೆ ಮಾಡುವುದು ಎನ್ನುತ್ತಾರೆ. ಪಾಠ ಭೂಸುಧಾರಣೆಯದ್ದು ಎಂದಿಟ್ಟುಕೊಳ್ಳಿ. 1961ರ ಕಾಯ್ದೆ, 1974ರ ತಿದ್ದುಪಡಿ, ‘ಉಳುವವನೇ ಒಡೆಯ’ ಎಲ್ಲ ಪುಸ್ತಕದಲ್ಲಿದೆ. ಆದರೆ “ನಿಮ್ಮ ಕಡೆ ಇದಕ್ಕೆ ಏನಂತಾರೆ, ಮನೇಲಿ ಕೇಳಿಕೊಂಡು ಬನ್ನಿ” ಎಂದು ಹಿಂದಿನ ದಿನವೇ ಹೇಳಿ ಕಳಿಸಿ. ಅಜ್ಜ ‘ಡಿಕ್ಲರೇಷನ್ ಹಾಕಿ’ ಜಮೀನು ಪಡೆದ ಕಥೆ ಒಂದು ಮಗು ತರುತ್ತದೆ. ಅದೇ ವರ್ಷ ಜಮೀನು ಕಳೆದುಕೊಂಡ ಮನೆಯ ಕಥೆ ಇನ್ನೊಂದು ಮಗು ತರುತ್ತದೆ. ಕಾಯ್ದೆ ಒಂದೇ, ಕಥೆ ಎರಡು. ಆ ದಿನ ಪಾಠ ತಾನಾಗಿ ನಡೆಯುತ್ತದೆ.

ಕೊನೆಗೆ ನೋಟ್ಸಿನಲ್ಲಿ ‘ಗೇಣಿದಾರ’ ಎಂದೇ ಬರೆಸಿ, ಪಕ್ಕದಲ್ಲಿ ಊರ ಪದ ಇರಲಿ. ಪರೀಕ್ಷೆಗೆ ಪುಸ್ತಕದ ಪದವೇ ಬೇಕು. ಇನ್‌ಸ್ಪೆಕ್ಷನ್‌ಗೆ ಬಂದವರು ಇಲ್ಲಿಯವರೆಗೆ ನನ್ನನ್ನು ತಡೆದಿಲ್ಲ. ಒಬ್ಬರು ಕೂತು ತಮ್ಮ ಊರಿನ ಪದವನ್ನೂ ಸೇರಿಸಿದರು.

ಹೋಲಿಕೆ ಕೊಟ್ಟು ಹೇಳ್ತೀನಿ, ಮಕ್ಕಳು ಹೋಲಿಕೆನೇ ನೆನಪಿಟ್ಟುಕೊಂಡು ವಿಷಯ ಮರೀತಾರೆ. ಏನು ಮಾಡೋದು?

ಹೋಲಿಕೆ ಎಲ್ಲಿ ಮುರಿಯುತ್ತದೆ ಎಂದೂ ಹೇಳಬೇಕು. ಎಷ್ಟೋ ಜನ ಅದನ್ನು ಬಿಟ್ಟುಬಿಡುತ್ತಾರೆ.

‘ಒಕ್ಕೂಟ’ ಕಲಿಸುವಾಗ ನಾನು ಹಾಲಿನ ಡೈರಿಯಿಂದ ಶುರು ಮಾಡುತ್ತೇನೆ. ಬೆಳಿಗ್ಗೆ ಕ್ಯಾನ್ ಹಿಡಿದು ಡೈರಿಗೆ ಹಾಲು ಹಾಕಿ ಬಂದ ಮಕ್ಕಳು ತರಗತಿಯಲ್ಲೇ ಇರುತ್ತಾರೆ. ಊರಿನಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘ, ಅದರ ಮೇಲೆ ಹಾಲು ಒಕ್ಕೂಟ, ಅದರ ಮೇಲೆ ರಾಜ್ಯಕ್ಕೆಲ್ಲ ಒಂದು ಮಹಾಮಂಡಳ. ಊರಿನ ಸಂಘ ತನ್ನ ಕೆಲಸ ತಾನು ಮಾಡುತ್ತದೆ. ಪ್ಯಾಕೆಟ್ ಮಾಡುವುದು, ದೂರದ ಊರಿಗೆ ಮಾರುವುದು ಮೇಲಿನವರದು. ಅಧಿಕಾರ ಹಂಚಿಕೆ ಎಂದರೇನು ಎಂದು ಇಷ್ಟರಲ್ಲೇ ಗೊತ್ತಾಗುತ್ತದೆ. ಅಲ್ಲಿಂದ ಸಂವಿಧಾನದ 7ನೇ ಅನುಸೂಚಿಗೆ ಹೋಗಬಹುದು. ರಕ್ಷಣೆ ಕೇಂದ್ರ ಪಟ್ಟಿಯಲ್ಲಿ, ಪೊಲೀಸ್ ರಾಜ್ಯ ಪಟ್ಟಿಯಲ್ಲಿ, ಶಿಕ್ಷಣ ಸಮವರ್ತಿ ಪಟ್ಟಿಯಲ್ಲಿ.

ಈಗ ಮುರಿಯುವ ಜಾಗ. ಡೈರಿ ಸಂಘಗಳು ಕೆಳಗಿನಿಂದ ಕೂಡಿ ಒಕ್ಕೂಟವಾದವು. ನಮ್ಮ ರಾಜ್ಯಗಳು ಹಾಗೆ ಕೂತು ಒಪ್ಪಂದ ಮಾಡಿಕೊಂಡು ಭಾರತವನ್ನು ಕಟ್ಟಲಿಲ್ಲ. 1ನೇ ವಿಧಿ ಭಾರತವನ್ನು ರಾಜ್ಯಗಳ ಒಕ್ಕೂಟ ಎಂದೇ ಕರೆಯುತ್ತದೆ, ನಿಜ. ಆದರೆ 3ನೇ ವಿಧಿಯಂತೆ ಸಂಸತ್ತು ರಾಜ್ಯದ ಗಡಿಯನ್ನೇ ಬದಲಿಸಬಹುದು. 2014ರಲ್ಲಿ ತೆಲಂಗಾಣ ಆದದ್ದು ಹಾಗೆ. “ಹಾಗಾದ್ರೆ ಇದು ಯಾವ ತರದ ಒಕ್ಕೂಟ ಸಾರ್?” ಎಂದು ಒಂದು ಮಗು ಕೇಳಿತು ಎಂದರೆ ಆ ದಿನದ ಸಂಬಳಕ್ಕೆ ನ್ಯಾಯ ಸಿಕ್ಕಿತು ಎಂದೇ ನನ್ನ ಲೆಕ್ಕ.

ತರಬೇತಿಯಲ್ಲಿ ‘ಫ್ರೇಯರ್ ಮಾದರಿ’ ಅಂದ್ರು. ಅದು ಏನು, ನಮ್ಮಲ್ಲಿ ನಡೆಯುತ್ತಾ?

1969ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಡೊರತಿ ಫ್ರೇಯರ್ ಮತ್ತು ಜೊತೆಗಾರರು ರೂಪಿಸಿದ ಒಂದು ಚೌಕ. ಹಾಳೆಯನ್ನು ನಾಲ್ಕು ಮನೆ ಮಾಡಿ ನಡುವೆ ಪದ ಬರೆಯುವುದು. ಒಂದು ಮನೆಯಲ್ಲಿ ಅರ್ಥ, ಒಂದರಲ್ಲಿ ಲಕ್ಷಣ, ಒಂದರಲ್ಲಿ ಉದಾಹರಣೆ, ಕೊನೆಯದರಲ್ಲಿ ಉದಾಹರಣೆ ಅಲ್ಲದ್ದು. ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆ ಸಾಕು, ಖರ್ಚಿಲ್ಲ.

ಇದರ ಜೀವ ನಾಲ್ಕನೇ ಮನೆಯಲ್ಲಿದೆ. ಅಲ್ಲಿ ದೂರದ್ದನ್ನು ಬರೆದರೆ ಪ್ರಯೋಜನವಿಲ್ಲ. ಪ್ರಜಾಪ್ರಭುತ್ವಕ್ಕೆ ಉದಾಹರಣೆ ಅಲ್ಲದ್ದು ‘ಹಿಟ್ಲರ್’ ಎಂದು ಎಲ್ಲರೂ ಬರೆಯುತ್ತಾರೆ. ಅದರಲ್ಲಿ ಯೋಚನೆ ಎಲ್ಲಿದೆ? ಹತ್ತಿರದಲ್ಲಿದ್ದು ಕೂದಲೆಳೆಯಲ್ಲಿ ತಪ್ಪಿಹೋಗುವಂಥದ್ದು ಬೇಕು. ನಾನು ಕೊಡುವುದು ಮೈಸೂರಿನ ಪ್ರಜಾಪ್ರತಿನಿಧಿ ಸಭೆ. 1881ರಲ್ಲಿ ದಿವಾನ್ ರಂಗಾಚಾರ್ಲು ಕಾಲದಲ್ಲಿ ಶುರುವಾಯಿತು. ಹೆಸರಿನಲ್ಲೇ ಪ್ರಜೆ ಇದ್ದಾನೆ, ಪ್ರತಿನಿಧಿಯೂ ಇದ್ದಾನೆ. ಆದರೆ ಮೊದಲ ಸಭೆಗೆ ಬಂದ 144 ಜನ ಜಮೀನಿದ್ದವರು, ವ್ಯಾಪಾರಸ್ಥರು. ಅಹವಾಲು ಹೇಳಿಕೊಳ್ಳಬಹುದಿತ್ತು, ಕಾನೂನು ಮಾಡುವ ಅಧಿಕಾರ ಇರಲಿಲ್ಲ. ಇದು ಯಾವ ಮನೆಗೆ ಹೋಗುತ್ತದೆ? ನನ್ನ ತರಗತಿಯಲ್ಲಿ ಪ್ರತಿ ವರ್ಷ ಜಗಳವಾಗುತ್ತದೆ. ಕೆಲವರು ಎರಡು ಮನೆಯ ನಡುವಿನ ಗೆರೆಯ ಮೇಲೆ ಬರೆಯುತ್ತಾರೆ. ನಾನು ಅದಕ್ಕೂ ಅಂಕ ಕೊಡುತ್ತೇನೆ.

ಎಲ್ಲ ಪದಕ್ಕೂ ಈ ಚೌಕ ಹಾಕಿಸಬೇಡಿ. ಮೂರನೇ ವಾರಕ್ಕೆ ಅದೂ ಬಾಯಿಪಾಠವಾಗುತ್ತದೆ.

ಪುಸ್ತಕದಲ್ಲಿ ‘ವಾಯುಗುಣ’, ಪೇಪರಲ್ಲಿ ‘ಹವಾಮಾನ ಬದಲಾವಣೆ’. ಮಕ್ಕಳಿಗೆ ಯಾವುದು ಹೇಳಲಿ?

ಇದು ಮಕ್ಕಳ ತಪ್ಪಲ್ಲ, ನಮ್ಮ ಭಾಷೆಯ ಬಳಕೆಯೇ ಕಲಸಿದೆ. ಪಾಠದಲ್ಲಿ ಹವಾಮಾನ ಎಂದರೆ ಇವತ್ತು, ನಾಳೆ ಆಗುವುದು. ವಾಯುಗುಣ ಎಂದರೆ ಮೂವತ್ತು ನಲವತ್ತು ವರ್ಷದ ಲೆಕ್ಕ. ಪತ್ರಿಕೆಗಳು ಎರಡಕ್ಕೂ ‘ಹವಾಮಾನ’ ಎಂದು ಬರೆಯುತ್ತವೆ. ಕೊಡೆ ತೆಗೆದುಕೊಂಡು ಹೋಗಬೇಕಾ ಎಂದು ತೀರ್ಮಾನಿಸುವುದು ಹವಾಮಾನ ನೋಡಿ, ಅಡಿಕೆ ಹಾಕಬೇಕಾ ರಾಗಿ ಹಾಕಬೇಕಾ ಎಂದು ತೀರ್ಮಾನಿಸುವುದು ವಾಯುಗುಣ ನೋಡಿ. ಇಷ್ಟು ಹೇಳಿ, ಪೇಪರಿನ ತಲೆಬರಹ ಕತ್ತರಿಸಿ ತಂದು “ಇಲ್ಲಿ ಯಾವ ಅರ್ಥ?” ಎಂದು ಕೇಳಿದರೆ ಆಯಿತು.

## ಕಷ್ಟದ ಪ್ರಶ್ನೆಗಳು

ಗ್ರಾಮಸಭೆ–ಗ್ರಾಮ ಪಂಚಾಯಿತಿ, ಬಹುಮತ–ದೊಡ್ಡ ಪಕ್ಷ… ಈ ಜೋಡಿಗಳು ಎಷ್ಟು ಹೇಳಿದ್ರೂ ಕಲಸಿಹೋಗ್ತವೆ.

ಬೇರೆ ಬೇರೆ ದಿನ ಹೇಳುವುದರಿಂದ ಕಲಸುತ್ತವೆ. ಒಟ್ಟಿಗೆ ತಂದು, ಒಂದೇ ಒಂದು ವ್ಯತ್ಯಾಸದ ಮೇಲೆ ಬೆಳಕು ಹಾಕಿ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ ಗ್ರಾಮಸಭೆಯವರು. ಅವರು ಆರಿಸಿ ಕಳಿಸಿದವರು ಮಾತ್ರ ಪಂಚಾಯಿತಿಯವರು. “ನಿಮ್ಮ ಅಜ್ಜಿ ಯಾವುದರಲ್ಲಿದ್ದಾರೆ?” ಎಂದು ಕೇಳಿ. ಅಜ್ಜಿಯೂ ಗ್ರಾಮಸಭೆಯ ಸದಸ್ಯೆ ಎಂದು ಕೇಳಿ ಮಕ್ಕಳು ನಗುತ್ತಾರೆ, ಆದರೆ ಮರೆಯುವುದಿಲ್ಲ. ನಿಮ್ಮೂರಲ್ಲಿ ಮಕ್ಕಳ ಗ್ರಾಮಸಭೆ ನಡೆದರೆ ಕರೆದುಕೊಂಡು ಹೋಗಿ.

ಬಹುಮತಕ್ಕೆ ಲೆಕ್ಕವೇ ಸಾಕು. ನಮ್ಮ ವಿಧಾನಸಭೆಯಲ್ಲಿ 224 ಸ್ಥಾನ, ಅರ್ಧಕ್ಕಿಂತ ಒಂದು ಹೆಚ್ಚು ಎಂದರೆ 113. 2018ರಲ್ಲಿ 104 ಗೆದ್ದ ಪಕ್ಷವೇ ಎಲ್ಲರಿಗಿಂತ ದೊಡ್ಡದು. ಬಹುಮತ ಇರಲಿಲ್ಲ. ‘ಅತಂತ್ರ ವಿಧಾನಸಭೆ’ ಎಂಬ ಪದವೂ ಅಲ್ಲೇ ಸಿಗುತ್ತದೆ. ಪಕ್ಷದ ಹೆಸರು ಹೇಳದೆ ಬರೀ ಅಂಕಿ ಬರೆಯಿರಿ, ಇಲ್ಲದಿದ್ದರೆ ಪೀರಿಯಡ್ ಬೇರೆ ಕಡೆ ಹೋಗುತ್ತದೆ.

ಕಿತ್ತೂರು ಚೆನ್ನಮ್ಮ ಡಾಲ್‌ಹೌಸಿಯ ‘ದತ್ತು ಮಕ್ಕಳಿಗೆ ಹಕ್ಕಿಲ್ಲ’ ನೀತಿ ವಿರುದ್ಧ ಹೋರಾಡಿದ್ಲು ಅಂತ ಮಕ್ಕಳು ಬರೀತಾರೆ. ಸರೀನಾ?

ಸರಿಯಲ್ಲ, ಆದರೆ ತಪ್ಪು ಎಲ್ಲಿಂದ ಬಂತು ಎಂದು ನೋಡಿದರೆ ಮಕ್ಕಳ ಮೇಲೆ ಪ್ರೀತಿ ಹುಟ್ಟುತ್ತದೆ. ಕಿತ್ತೂರಿನಲ್ಲೂ ಜಗಳ ದತ್ತಿನದ್ದೇ. ಕಿತ್ತೂರಿನ ಮನೆತನ ದತ್ತು ತೆಗೆದುಕೊಂಡದ್ದು ಶಿವಲಿಂಗಪ್ಪನನ್ನು. ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ದತ್ತನ್ನು ಒಪ್ಪಲಿಲ್ಲ. 1824ರ ಅಕ್ಟೋಬರ್ 23ರಂದು ಕಾಳಗದಲ್ಲಿ ಥ್ಯಾಕರೆ ಸತ್ತ. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಕಿತ್ತೂರಿನ ಕಾಳಗ ನಡೆದಾಗ ಅವನು 12 ವರ್ಷದ ಹುಡುಗ.

ದತ್ತು ಒಪ್ಪದೆ ರಾಜ್ಯ ನುಂಗುವ ಬುದ್ಧಿ ಕಂಪನಿಗೆ ಮೊದಲೇ ಇತ್ತು. ಅದನ್ನು ನೀತಿ ಮಾಡಿ ಸತಾರಾ, ಝಾನ್ಸಿ ಎಂದು ಒಂದೊಂದಾಗಿ ಎಳೆದುಕೊಂಡವನು ಡಾಲ್‌ಹೌಸಿ. ಅಂದರೆ ಮಗುವಿಗೆ ಪರಿಕಲ್ಪನೆ ಅರ್ಥವಾಗಿದೆ, ಹೆಸರಿಗೂ ಇಸವಿಗೂ ಇರುವ ನಂಟು ತಪ್ಪಿದೆ. ಚರಿತ್ರೆಯ ಪದಗಳಿಗೆ ಹುಟ್ಟಿದ ದಿನ ಇರುತ್ತದೆ. ಪದದ ಪಕ್ಕ ಇಸವಿ ಬರೆಸುವ ಅಭ್ಯಾಸ ನಾನು ಮಾಡಿಕೊಂಡದ್ದು ಈ ತಪ್ಪನ್ನು ನೋಡಿಯೇ.

ದಂಗೆ, ಬಂಡಾಯ, ಸಂಗ್ರಾಮ. ಯಾವ ಪದ ಬಳಸಬೇಕು?

ಯಾವ ಪದ ಬಳಸಿದರೂ ನೀವು ಒಂದು ಪಕ್ಷ ಹಿಡಿದ ಹಾಗೆ. ಅದನ್ನೇ ಪಾಠ ಮಾಡಿ. 1857ಕ್ಕೆ ಬ್ರಿಟಿಷರು ಸಿಪಾಯಿ ದಂಗೆ ಎಂದರು, ನಾವು ಮೊದಲ ಸ್ವಾತಂತ್ರ್ಯ ಸಂಗ್ರಾಮ ಎನ್ನುತ್ತೇವೆ. ಇನ್ನೂ ಹತ್ತಿರದ ಉದಾಹರಣೆ 1837ರಲ್ಲಿ ಅಮರ ಸುಳ್ಯದ ಜನ ಬ್ರಿಟಿಷರ ವಿರುದ್ಧ ಎದ್ದದ್ದು. ಅದನ್ನು ‘ಕಲ್ಯಾಣಪ್ಪನ ಕಾಟಕಾಯಿ’ ಎಂದೂ ಕರೆದಿದ್ದಾರೆ. ಕೇಳಿದರೆ ದರೋಡೆಯ ಹಾಗಿದೆ. ರೈತ ಬಂಡಾಯ, ಸ್ವಾತಂತ್ರ್ಯ ಸಮರ ಎಂದು ಬರೆದವರೂ ಇದ್ದಾರೆ. ಬೋರ್ಡ್ ಮೇಲೆ ಈ ಹೆಸರುಗಳನ್ನು ಬರೆದು “ಈ ಹೆಸರು ಇಟ್ಟವರು ಎಲ್ಲಿ ನಿಂತು ನೋಡಿದ್ದಾರೆ?” ಎಂದು ಕೇಳಿ. ಬ್ರಿಟಿಷರ ವಿರುದ್ಧ ಎದ್ದ ಹಲಗಲಿಯ ಬೇಡರ ಪಾಠ ಬಂದಾಗ ಮಕ್ಕಳೇ ಆ ಪ್ರಶ್ನೆ ಎತ್ತುತ್ತಾರೆ.

‘ಅಸ್ಪೃಶ್ಯತೆ’ ಕಲಿಸೋವಾಗ ಗಂಟಲು ಕಟ್ಟುತ್ತೆ. ಎರಡೂ ಕಡೆಯ ಮಕ್ಕಳು ಎದುರಿಗೇ ಕೂತಿರ್ತಾರೆ.

ಊರಿನ ಉದಾಹರಣೆ ತನ್ನಿ ಎಂದು ಇಷ್ಟು ಹೊತ್ತು ಹೇಳಿದ್ದೇನಲ್ಲ, ಇಲ್ಲಿ ಅದು ನಡೆಯುವುದಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ “ನಿಮ್ಮ ಊರಲ್ಲಿ ನೋಡಿದ್ದು ಹೇಳಿ” ಎಂದುಬಿಟ್ಟೆ. ಎಲ್ಲರೂ ಒಬ್ಬ ಹುಡುಗನ ಕಡೆ ತಿರುಗಿದರು. ಅವನು ಪುಸ್ತಕದಿಂದ ತಲೆ ಎತ್ತಲಿಲ್ಲ. ಮೂರು ದಿನ ಶಾಲೆಗೆ ಬರಲಿಲ್ಲ. ತಪ್ಪು ನನ್ನದು.

ಈಗ ನಾನು ಯಾರ ಮನೆಯ ಕಥೆಯನ್ನೂ ಕೇಳುವುದಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಮಹಾಡಿನ ಚವದಾರ್ ಕೆರೆಯ ನೀರು ಕುಡಿದದ್ದರಿಂದ ಶುರು ಮಾಡುತ್ತೇನೆ. ದನಕರು ಕುಡಿಯಬಹುದಾದ ನೀರನ್ನು ಮನುಷ್ಯ ಯಾಕೆ ಮುಟ್ಟಬಾರದು? ಆಮೇಲೆ ಅಸ್ಪೃಶ್ಯತೆಯನ್ನು ರದ್ದು ಮಾಡಿದ ಸಂವಿಧಾನದ 17ನೇ ವಿಧಿ, ಆಮೇಲೆ ಅದಕ್ಕೆ ಶಿಕ್ಷೆ ಹೇಳುವ 1955ರ ಕಾಯ್ದೆ. ಪದವನ್ನು ‘ಹಿಂದೆ ಇದ್ದ ಒಂದು ಪದ್ಧತಿ’ ಎಂದು ಬರೆಸಬೇಡಿ. ಕಾನೂನು ಅದನ್ನು ಅಪರಾಧ ಎಂದು ಕರೆಯುತ್ತದೆ. ಮಾಡುವವನು ಅಪರಾಧಿ ಎಂದು ಸ್ಪಷ್ಟವಾಗಿ ಹೇಳಿದರೆ, ತಲೆ ತಗ್ಗಿಸಬೇಕಾದವರು ಯಾರು ಎಂದು ಮಕ್ಕಳಿಗೆ ತಿಳಿಯುತ್ತದೆ. ಯಾರಾದರೂ ತಾನಾಗಿ ಹೇಳಲು ಬಂದರೆ ತರಗತಿಯ ಹೊರಗೆ, ಒಬ್ಬರೇ ಇದ್ದಾಗ ಕೇಳಿಸಿಕೊಳ್ಳಿ.

ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಕನ್ನಡ ಪದ ಯಾಕೆ?

‘ಫೆಡರಲಿಸಂ’ ಎಂದು ಹದಿನೈದು ಸಲ ಬರೆದ ಹುಡುಗಿಗೆ ‘ಒಕ್ಕೂಟ’ ಎಂದೊಡನೆ ಮುಖ ಅರಳಿದ್ದನ್ನು ನೋಡಿದ್ದೇನೆ. ಕನ್ನಡ ಮಾಧ್ಯಮದವರಿಗೆ ಪಿಯುಸಿಗೆ ಹೋದಾಗ ಉಲ್ಟಾ ಕಷ್ಟ. ಹಾಗಾಗಿ ಆರಿಸಿದ ನಾಲ್ಕು ಪದಕ್ಕೆ ಎರಡೂ ಭಾಷೆ ಇರಲಿ. ಉಳಿದದ್ದಕ್ಕೆ ಬೇಡ.

ಓದೋಕೇ ಕಷ್ಟಪಡೋ ಮಕ್ಕಳಿದ್ದಾರೆ. ಅವರಿಗೆ ‘ಪರಿಕಲ್ಪನೆ’ ಎಲ್ಲಿಂದ ಬರುತ್ತೆ?

ಅಕ್ಷರ ನಿಧಾನ ಎಂದರೆ ಬುದ್ಧಿ ನಿಧಾನ ಅಂತಲ್ಲ. ‘ಕೂಲಿ ಸಹಿತ, ಕೂಲಿ ರಹಿತ ದುಡಿಮೆ’ ಪಾಠ ನಡೆಯುತ್ತಿತ್ತು. ಗೋಡೆಯ ಈ ಕಡೆ ಒಂದು, ಆ ಕಡೆ ಒಂದು ಎಂದು ಮಾಡಿ, ನಾನು ಕೆಲಸದ ಹೆಸರು ಹೇಳಿದಂತೆ ಮಕ್ಕಳು ಓಡಬೇಕು. ಅಮ್ಮನ ಅಡುಗೆ ಎಂದಾಗ ಎಲ್ಲರೂ ಒಂದು ಕಡೆ. ಗಾರೆ ಕೆಲಸ ಎಂದಾಗ ಇನ್ನೊಂದು ಕಡೆ. ಮುಯ್ಯಾಳು ಎಂದೆ. ಇವತ್ತು ನಾನು ನಿನ್ನ ಗದ್ದೆಗೆ, ನಾಳೆ ನೀನು ನನ್ನ ಗದ್ದೆಗೆ. ದುಡ್ಡಿಲ್ಲ, ಆದರೆ ಬಿಟ್ಟಿಯೂ ಅಲ್ಲ. ಒಂದು ಸಾಲು ಓದಲು ಒದ್ದಾಡುವ ಹುಡುಗ ನಡುವೆ ನಿಂತ. “ಕೂಲಿ ಐತೆ ಸಾರ್, ಆದ್ರೆ ಸಾಲದಲ್ಲೈತೆ” ಎಂದ. ಅದಕ್ಕಿಂತ ಒಳ್ಳೆಯ ಉತ್ತರ ನನ್ನ ಹತ್ತಿರ ಇರಲಿಲ್ಲ.

ಕಲಿತಿದ್ದಾರೆ ಅಂತ ಗೊತ್ತಾಗೋದು ಹೇಗೆ? ಎಸ್‌ಎಸ್‌ಎಲ್‌ಸಿಯಲ್ಲಿ ಅರ್ಥ ಬರೆದ್ರೆ ಸಾಕಲ್ವಾ?

ಲಿಖಿತ ಪರೀಕ್ಷೆಯ 80 ಅಂಕದಲ್ಲಿ ನೇರ ಅರ್ಥ ಕೇಳುವುದು ಸ್ವಲ್ಪ. ‘ಯಾಕೆ’, ‘ಹೇಗೆ’, ‘ಸಮರ್ಥಿಸಿ’ ಎಂದು ಬಂದಾಗ ಬಾಯಿಪಾಠದ ಮಗು ನಿಂತುಬಿಡುತ್ತದೆ. ವಾರಕ್ಕೊಮ್ಮೆ ಐದು ನಿಮಿಷ ತೆಗೆದು ಮೂರು ಸಂದರ್ಭ ಓದಿ. ಮಗು ಚೀಟಿಯಲ್ಲಿ ‘ಹೌದು’ ಅಥವಾ ‘ಅಲ್ಲ’ ಬರೆದು, ‘ಯಾಕೆಂದರೆ’ ಎಂದು ಒಂದು ಸಾಲು ಸೇರಿಸಬೇಕು. ಉದಾಹರಣೆಗೆ ಪರೋಕ್ಷ ತೆರಿಗೆ. ಅಂಗಡಿಯವನು ಸರ್ಕಾರಕ್ಕೆ ಜಿಎಸ್‌ಟಿ ಕಟ್ಟುತ್ತಾನೆ, ಹಾಗಾದರೆ ಹೊರೆ ಬಿದ್ದದ್ದು ಅವನ ಮೇಲಾ? ನಾನು ಮೊದಲು ಓದುವುದು ‘ಯಾಕೆಂದರೆ’ ಆದ ಮೇಲೆ ಬರೆದದ್ದನ್ನು.

ಇಷ್ಟೆಲ್ಲ ಮಾಡಿದ್ರೆ ಸಿಲಬಸ್ ಮುಗಿಯಲ್ಲ ಸಾರ್.

ನನಗೂ ಎರಡು ವರ್ಷ ಮುಗಿಯಲಿಲ್ಲ. ಆಮೇಲೆ ನೋಟ್ಸ್ ಬರೆಸುವುದನ್ನು ಅರ್ಧ ಮಾಡಿದೆ, ಸಮಯ ಸಿಕ್ಕಿತು.

ಒಂದೇ ಪದ ಬೇರೆ ಪಾಠದಲ್ಲಿ ಬಂದ್ರೆ ಮತ್ತೆ ಕಲಿಸಬೇಕಾ?

ಹೌದು, ಪದ ಬೆಳೆಯುವುದೇ ಆಗ. ‘ಏಕೀಕರಣ’ ಜರ್ಮನಿಯ ಪಾಠದಲ್ಲಿ ಬರುತ್ತದೆ, ಕರ್ನಾಟಕದ ಪಾಠದಲ್ಲೂ ಬರುತ್ತದೆ. ಬಿಸ್ಮಾರ್ಕ್ ಯುದ್ಧ ಮಾಡಿ 1871ರಲ್ಲಿ ಒಂದು ಮಾಡಿದ. ನಮ್ಮದು ಸಭೆ, ಚಳವಳಿ, ಕೊನೆಗೆ ರಾಜ್ಯಗಳ ಮರುವಿಂಗಡಣೆಗೆ ಕೂತ ಫಜಲ್ ಅಲಿ ಆಯೋಗದ ವರದಿ ಎಂದು ನಡೆದು 1956ರ ನವೆಂಬರ್ 1ಕ್ಕೆ ಆಯಿತು. ಪದ ಒಂದೇ, ದಾರಿ ಬೇರೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ, ಏಕೀಕರಣಕ್ಕೆ ಯುದ್ಧ ಬೇಕೇ ಬೇಕು ಎಂಬ ತಪ್ಪು ತಿಳಿವಳಿಕೆ ಹೋಗುತ್ತದೆ.

ಸಂಸ್ಥಾನಗಳ ಪಾಠ ಬಂದಾಗ ‘ವಿಲೀನ’ ಬರುತ್ತದೆ. “ಹಾಗಾದ್ರೆ ಬೀದರ್‌ದು ವಿಲೀನನಾ, ಏಕೀಕರಣನಾ?” ಎಂದು ಒಬ್ಬಳು ಕೇಳಿದಳು. ಬೋರ್ಡ್ ಮೇಲೆ ಹೈದರಾಬಾದ್ ಸಂಸ್ಥಾನದ ನಕ್ಷೆ ಬರೆದು, ಬೀದರ್, ಕಲಬುರಗಿ, ರಾಯಚೂರಿಗೆ ಚುಕ್ಕಿ ಇಟ್ಟೆ. 1948ರ ಸೆಪ್ಟೆಂಬರ್ 17 ಎಂದು ಬರೆದು ಭಾರತದ ಕಡೆಗೆ ಒಂದು ಬಾಣ ಹಾಕಿದೆ. ಎರಡನೇ ಬಾಣ ಎಲ್ಲಿಗೆ, ಯಾವ ಇಸವಿ ಎಂದು ಕೇಳಿ ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟೆ.